ದನದ ಕಿವಿ, ಫೋನಿನ ಬೀಗ

ನನ್ನ ಮೊಬೈಲಿಗೆ ಏನೂ ಆಗಿರಲಿಲ್ಲ. ಓದಿದವರು ಸರಿ ಮಾಡಿದರು, ಅದಕ್ಕೇ ಕೆಟ್ಟಿತು.

ಮಾಡಿದವಳು ಮೊಮ್ಮಗಳು ಶ್ರಾವ್ಯ. ಪುತ್ತೂರಿನಲ್ಲಿ ಕಂಪ್ಯೂಟರ್ ಕಲಿಯುತ್ತಾಳೆ. ಕಂಪನಿಯವರು ಈ ಫೋನನ್ನು ಕೈಬಿಟ್ಟಿದ್ದಾರೆ, ಒಳಗೆಲ್ಲ ಕಳ್ಳರು ನುಗ್ಗುವಂಥ ತೂತು ಎಂದು ಹೆದರಿಸಿ, ಅದರಲ್ಲಿದ್ದದ್ದನ್ನು ಕಿತ್ತು, ಯಾರೋ ಪುಣ್ಯಾತ್ಮರು ಬಿಟ್ಟಿಗೆ ಮಾಡಿಟ್ಟ ಬೇರೆ ಆಪರೇಟಿಂಗ್ ಸಿಸ್ಟಮ್ ಹಾಕಿದಳು. ನನ್ನ ಓದು ನಾಲ್ಕನೇ ಕ್ಲಾಸು. ಅರ್ಥವಾದದ್ದಿಷ್ಟು: ಮನೆಯ ಗೋಡೆ ಹಳೆಯದೇ, ಮೇಲಿನ ಮಾಡು ಮಾತ್ರ ಹೊಸದು. ಫೋನು ಚುರುಕಾದದ್ದು ನಿಜ. ಮೊದಲು ಒತ್ತಿದರೆ, ಬಾಯಿ ತುಂಬ ಎಲೆಅಡಿಕೆ ಇರುವವರ ಹಾಗೆ ಉತ್ತರಕ್ಕೆ ತಡವರಿಸುತ್ತಿತ್ತು.

ಆದರೆ ಬ್ಯಾಂಕಿನ ಆ್ಯಪ್ ಮಾತ್ರ, ಈ ಫೋನು ಸುರಕ್ಷಿತವಲ್ಲ ಎಂದು ಬಾಗಿಲು ಹಾಕಿಕೊಂಡಿತು. ತೂತಿದ್ದಾಗ ಒಳಗೆ ಬಿಡುತ್ತಿತ್ತು, ಮುಚ್ಚಿದ ಮೇಲೆ ಬಿಡುವುದಿಲ್ಲ. ಅದು ನೋಡುವುದು ಕಂಪನಿಯ ಮುದ್ರೆಯನ್ನಂತೆ, ಬೀಗವನ್ನಲ್ಲವಂತೆ. ನನಗಿದು ಹೊಸತಲ್ಲ. ನಮ್ಮ ದನ ಬೊಳ್ಳಿಯ ಕಿವಿಯಲ್ಲಿ ನಂಬರಿನ ಹಳದಿ ಬಿಲ್ಲೆ ಇದೆ. ಒಮ್ಮೆ ಅದು ಬೇಲಿಗೆ ಸಿಕ್ಕಿ ಕಿತ್ತುಹೋದಾಗ ವಿಮೆಯವನು ಎದುರಿಗಿದ್ದ ದನವನ್ನೇ ನೋಡುತ್ತ, ಇದು ಆ ದನವೇ ಎಂಬುದಕ್ಕೆ ಸಾಕ್ಷಿ ಏನು ಎಂದಿದ್ದ. ಬೊಳ್ಳಿಯೂ ಅವನನ್ನು ಹಾಗೆಯೇ ನೋಡಿತ್ತು. ಹೊಸ ಬಿಲ್ಲೆ ಚುಚ್ಚಿಸಿದ ಮೇಲೆ ಅದು ಮತ್ತೆ ದನವಾಯಿತು.

ಇಷ್ಟರಲ್ಲಿ ಮಗ ಜಗದೀಶ ಬಂದ. "ಅಮ್ಮ, ನಿಮ್ಮ ಅಕೌಂಟು ಇನ್ನು ನನ್ನ ಮೊಬೈಲಲ್ಲಿರ್ಲಿ. ಬೇಕಾದಾಗ ಹೇಳಿದ್ರಾಯ್ತು" ಎಂದ.

ಆ 'ಹೇಳಿದ್ರಾಯ್ತು' ನನಗೆ ಆಗಿಬರುವುದಿಲ್ಲ. ಹಾಲಿನ ದುಡ್ಡು ನನ್ನದು. ಮಲ್ಲಿಗೆ ಕೊಳ್ಳುತ್ತೇನೋ, ಅಜ್ಜಾವರದಲ್ಲಿರುವ ತಂಗಿಗೆ ಸೀರೆ ಕೊಡಿಸುತ್ತೇನೋ, ಯಾರೂ ಕೇಳಬಾರದು. ಮದುವೆಯಾದಂದಿನಿಂದ ಅರ್ಧ ಆಯುಷ್ಯ ಕೇಳಿ ಪಡೆದದ್ದಾಯಿತು, ಸಾಕು. ಬೇಡ ಎಂದೆ.

"ಅಜ್ಜಿ, ಪಿನ್ ನಂಬರು ಯಾರಿಗೆಲ್ಲ ಗೊತ್ತುಂಟು?" ಎಂದಳು ಶ್ರಾವ್ಯ.

ಯೋಚಿಸಿದೆ. ಕಡಬ ಪೇಟೆಯ ಅಂಗಡಿಯ ಉಮೇಶನಿಗೆ ಗೊತ್ತು. ಕನ್ನಡಕ ಮರೆತು ಹೋಗುವವಳು ನಾನು. ದುಡ್ಡು ಕೊಡುವಾಗ ಫೋನನ್ನು ಅವನ ಕೈಗೇ ಕೊಟ್ಟು ನಂಬರು ಹೇಳುತ್ತೇನೆ. ಅವನಿಗೆ ಕಿವಿ ಸ್ವಲ್ಪ ಮಂದ, ಆದ್ದರಿಂದ ಜೋರಾಗಿ ಹೇಳುತ್ತೇನೆ. ಹಾಗಾಗಿ ಅಂಗಡಿಯಲ್ಲಿ ನಿಂತವರಿಗೂ ಗೊತ್ತು. ನಾನೇ ಮರೆತರೆ, ದನದ ನಂಬರಲ್ವಾ ಅಕ್ಕ ಎಂದು ಅವನು ನೆನಪಿಸುತ್ತಾನೆ. ಬೊಳ್ಳಿಯ ಬಿಲ್ಲೆಯ ಕೊನೆಯ ನಾಲ್ಕಂಕಿಯೇ ನನ್ನ ಪಿನ್. ಬೊಳ್ಳಿಯನ್ನು ಕಟ್ಟುವುದು ಮಾರ್ಗದ ಬದಿಯಲ್ಲಿ.

"ಅಂದ್ರೆ ಅಜ್ಜಿಯ ಪಿನ್ ನಂಬರು ಅಲ್ಲಿ ಹುಲ್ಲು ತಿಂತಾ ಉಂಟು" ಎಂದಳು.

ಜಗದೀಶ ನಗಲಿಲ್ಲ, ಫೋನಿಗೆ ಕೈ ಚಾಚಿದ. ನಾನದನ್ನು ಸೆರಗಿಗೆ ಸುತ್ತಿಕೊಂಡೆ.

ಸಂಜೆಯೊಳಗೆ ಶ್ರಾವ್ಯ ಹಳೆಯದನ್ನೇ ಮತ್ತೆ ಹಾಕಿದಳು. ತೂತು ಬಂತು, ಮುದ್ರೆ ಬಂತು, ಬ್ಯಾಂಕಿಗೆ ಸಮಾಧಾನವಾಯಿತು. ಹೊಸ ಫೋನು ತೆಗೆದುಕೊಳ್ಳುವವರೆಗೆ ಜಾಗ್ರತೆ ಎಂದು ಹೇಳಿ, ಪಿನ್ ಬದಲಿಸಲು ತೋರಿಸಿಕೊಟ್ಟು, ನಾನು ಒತ್ತುವಾಗ ತಾನೇ ಗೋಡೆಯ ಕಡೆ ತಿರುಗಿ ನಿಂತಳು. ಆ ಓದಿಗೆ ಬೆಲೆ ಇದೆ ಅಂತ ಅನಿಸಿದ್ದು ಆಗಲೇ.

ಮರುದಿನ ಬೆಳಿಗ್ಗೆ ತೆಂಗಿನೆಣ್ಣೆಗೆಂದು ಅಂಗಡಿಗೆ ಹೋದೆ. ಉಮೇಶ ಅಭ್ಯಾಸದಂತೆ ಫೋನು ತೆಗೆದುಕೊಂಡು, ಕೇಳದೆಯೇ ನಂಬರು ಒತ್ತಿದ. ತಪ್ಪು ಎಂದು ಬಂತು.

"ಎಂತ ಅಕ್ಕ, ದನ ಮಾರಿದ್ರಾ?"

"ಇಲ್ಲ ಮಾರಾಯ, ಅಲ್ಲೇ ಉಂಟು" ಎಂದು ಫೋನು ಹಿಂದೆ ತೆಗೆದುಕೊಂಡೆ. ಚೀಲದಿಂದ ಕನ್ನಡಕ ತೆಗೆದು ಹಾಕಿ, ಅವನಿಗೂ ಅಂಗಡಿಯಲ್ಲಿದ್ದವರಿಗೂ ಬೆನ್ನು ಹಾಕಿ ನಿಂತು, ನಾನೇ ಒತ್ತಿದೆ.