ಕಟ್‌ಪೀಸ್ ಗುಳಿಗೆ

ನಮ್ಮಕ್ಕ ಹೋದ ವಾರ ತಲೆ ತಿರುಗಿ ಬಿದ್ದಳು. ಕಾರಣ? ಒಳ್ಳೆಯ ಔಷಧಿ ತೆಗೆದುಕೊಂಡದ್ದು!

ತಮಾಷೆಯಲ್ಲ. ಚಿತ್ತವಾಡ್ಗಿಯ ಅವಳ ಮನೆ ಮುಂದಿನ ನಲ್ಲಿಯ ಹತ್ತಿರ, ಕೊಡ ಎತ್ತಲು ಬಗ್ಗಿ ಎದ್ದವಳು ಹಾಗೇ ಕುಸಿದಳು. ಪಕ್ಕದ ಮನೆಯವರು ಹಿಡಿದುಕೊಂಡರು, ಪೆಟ್ಟಾಗಲಿಲ್ಲ. ಆದರೆ ಬೀಳಿಸಿದವನು ನಾನೇ.

ನಿಮಗೆ ಗೊತ್ತಿರುವಂತೆ ನಾನು ಹೊಸಪೇಟೆಯ ಫುಟ್‌ಪಾತಿನಲ್ಲಿ ಕಟ್‌ಪೀಸ್ ಬಟ್ಟೆ ಮಾರಿ ಮೇಲೆ ಬಂದವನು. ಚೌಕಾಸಿ ಮಾಡದೆ ಒಂದು ಕಟ್ಟು ಕೊತ್ತಂಬರಿ ಕೊಂಡವನಲ್ಲ. (ಕಂಪ್ಲಿಯ ಬಾಳೆಹಣ್ಣಿನವರು ನನ್ನನ್ನು ಕಂಡರೆ ಗಾಡಿಗೆ ಗೋಣಿತಟ್ಟು ಹೊದಿಸುತ್ತಾರೆ.) ಅಕ್ಕನಿಗೆ ಬಿಪಿ. ಪ್ರತಿ ತಿಂಗಳು ಗುಳಿಗೆ ತಂದುಕೊಡುವ ಕೆಲಸ ನನ್ನದು. ಅಲ್ಲಿ ಮಾತ್ರ ಸುಮ್ಮನಿರುತ್ತೇನೆಯೇ?

ಗಲ್ಲಿಯೊಳಗಿನ ಒಬ್ಬ ಮೆಡಿಕಲ್ ಶಾಪಿನವನು ದಾರಿ ತೋರಿಸಿದ. "ಇಡೀ ಸ್ಟ್ರಿಪ್ ಬ್ಯಾಡ ಅಣ್ಣಾರ. ತುಂಡು ತಗೋರಿ, ಬಿಲ್ ಕೇಳಬ್ಯಾಡ್ರಿ, ಅರ್ಧ ರೇಟಿಗೆ ಕೊಡ್ತೀನಿ. ಮಾಲು ಒಂದ."

ಕಟ್‌ಪೀಸ್! ನನ್ನದೇ ಭಾಷೆ. ಥಾನಿನ ಬಟ್ಟೆ, ತುಂಡು ಬಟ್ಟೆ ಎರಡೂ ಒಂದೇ ಮಿಲ್ಲಿನವು ಎಂದು ಎಷ್ಟು ಗಿರಾಕಿಗಳಿಗೆ ನಾನೇ ಹೇಳಿಲ್ಲ? ಖುಷಿಯಿಂದ ತಂದೆ. ಆರು ತಿಂಗಳು ತಂದೆ.

ಬಿಪಿ ಇಳಿಯಲಿಲ್ಲ. ಡಾಕ್ಟರು ಡೋಸ್ ಏರಿಸಿದರು. ಮತ್ತೊಮ್ಮೆ ಏರಿಸಿದರು. ನಾನು ಅಕ್ಕನ ಮೇಲೆ ಹರಿಹಾಯ್ದೆ.

"ನೀ ಕದ್ದು ಉಪ್ಪಿನಕಾಯಿ ತಿಂತಿ."

"ಇಲ್ಲಲೇ, ನಿನ್ನಾಣಿ."

ನಂಬಲಿಲ್ಲ. ಜಾಡಿಯನ್ನೇ ಎತ್ತಿಕೊಂಡು ನಮ್ಮ ಮನೆಗೆ ಬಂದೆ.

ಆಮೇಲೊಂದು ದಿನ ಆ ಅಂಗಡಿಗೆ ಔಷಧ ನಿಯಂತ್ರಣ ಅಧಿಕಾರಿಗಳು ಪೊಲೀಸರ ಜೊತೆ ಬಂದರು. ನಕಲಿ ಔಷಧಿ ಮಾರುತ್ತಾನೆಂದು ದೂರು ಹೋಗಿತ್ತಂತೆ. ಪೆಟ್ಟಿಗೆಗಳು ಜೀಪು ಹತ್ತಿದವು, ಬಾಗಿಲಿಗೆ ಸೀಲ್ ಬಿತ್ತು. ನಾನು ಬೇರೆ ಅಂಗಡಿಗೆ ಹೋಗಿ ಇಡೀ ಸ್ಟ್ರಿಪ್ ತಂದೆ, ಡಾಕ್ಟರು ಏರಿಸಿ ಬರೆದ ಡೋಸಿನದ್ದೇ. ಅಕ್ಕ ನುಂಗಿದಳು. ಮೂರನೇ ದಿನ ಬಿದ್ದಳು.

ಬಿಪಿ ತೀರಾ ಕೆಳಗಿಳಿದಿತ್ತು. ನಾನು ತುಂಡುಗಳ ಕತೆ ಹೇಳಿದ ಮೇಲೆ ಡಾಕ್ಟರು ತಲೆ ಹಿಡಿದುಕೊಂಡರು. "ಅದರಾಗ ಔಷಧಿ ಇತ್ತೋ ಇಲ್ಲೋ ಯಾರಿಗೆ ಗೊತ್ತು? ಅದನ್ನ ನಂಬಿ ನಾನು ಡೋಸ್ ಏರಿಸ್ಕೊಂತ ಹೋಗೀನಲ್ರೀ!" ಡೋಸ್ ಇಳಿಸಿ ಹೊಸದಾಗಿ ಬರೆದುಕೊಟ್ಟರು.

ಅಕ್ಕನ ಸ್ಟೀಲ್ ಡಬ್ಬಿಯಲ್ಲಿ ಉಳಿದಿದ್ದ ತುಂಡುಗಳನ್ನು ಅಧಿಕಾರಿಯ ಮುಂದೆ ಸುರಿದೆ. ಅವರು ಒಂದೊಂದನ್ನೇ ತಿರುಗಿಸಿ ನೋಡಿದರು.

"ಬ್ಯಾಚ್ ನಂಬರ್ ಎಲ್ಲೈತ್ರೀ?"

"ತುಂಡು, ಸರ್."

"ಬಿಲ್?"

"ಅವ ಕೇಳಬ್ಯಾಡ ಅಂದ, ನಾ ಕೇಳಲಿಲ್ಲ."

"ಟೆಸ್ಟ್ ಏನೋ ಮಾಡಿಸಬಹುದು. ಆದ್ರ ಅವನ ಅಂಗಡೀದು ಅಂತ ಹೆಂಗ ಬರೀಲಿ? ನಂಬರ್ ಸಿಗಬಾರದು ಅಂತನ ಅವನು ತುದಿ ಕತ್ತರಿಸಿದ್ದು. ನೀವು ಅದಕ್ಕ ಡಿಸ್ಕೌಂಟ್ ಅಂತ ತಿಳ್ಕೊಂಡ್ರಿ."

ಬಟ್ಟೆಯ ತುಂಡನ್ನು ಬೆರಳಲ್ಲಿ ಉಜ್ಜಿದರೆ ನೂಲು ಗೊತ್ತಾಗುತ್ತದೆ. ಗುಳಿಗೆಯನ್ನು ಉಜ್ಜಿದರೆ? ಪುಡಿ ಬರುತ್ತದೆ, ಅಷ್ಟೇ. ಮೂವತ್ತು ವರ್ಷದ ವ್ಯಾಪಾರಿಗೆ ಇಷ್ಟು ಹೊಳೆಯಲಿಲ್ಲ.

ರೇಡ್ ಆಗಬೇಕು, ಇನ್ನೂ ಆಗಬೇಕು. ಆದರೆ ಜೀಪು ಬರುವ ಹೊತ್ತಿಗೆ ಅದೇ ಮಾಲು ಸಂಡೂರಿನಲ್ಲೋ ಮರಿಯಮ್ಮನಹಳ್ಳಿಯಲ್ಲೋ ಯಾರದೋ ಮನೆಯ ಡಬ್ಬಿ ಸೇರಿರುತ್ತದೆ. ಆ ಡಬ್ಬಿಗೆ ಯಾವ ಇನ್ಸ್‌ಪೆಕ್ಟರ್ ಬರುತ್ತಾನೆ? ನಾವೇ ನೋಡಬೇಕು. ನಾಲ್ಕೇ ಗುಳಿಗೆ ಸಾಕೆಂದರೂ ಕತ್ತರಿ ಹಾಕುವ ಮೊದಲು ಸ್ಟ್ರಿಪ್ಪಿನ ತುದಿಯ ನಂಬರಿನ ಫೋಟೊ ಹೊಡೆದುಕೊಳ್ಳಿ. ಬಿಲ್ ಕೇಳಿ, ಕೊಡದಿದ್ದರೆ ಇಳಿದು ಬನ್ನಿ. ಕಡಿಮೆ ಬೆಲೆಯದ್ದೇ ಬೇಕೇ? ಜೆನೆರಿಕ್ ಅಂಗಡಿಗೆ ಹೋಗಿ, ಅಲ್ಲಿ ಬಿಲ್ಲೂ ಸಿಗುತ್ತದೆ. ಚೌಕಾಸಿಯನ್ನು ಬಾಳೆಹಣ್ಣಿಗೆ ಉಳಿಸಿಕೊಳ್ಳಿ.

ನಿನ್ನೆ ಉಪ್ಪಿನಕಾಯಿ ಜಾಡಿ ಹಿಡಿದು ಅಕ್ಕನ ಮನೆಗೆ ಹೋದೆ. (ಅರ್ಧ ಖಾಲಿಯಾಗಿತ್ತು. ನಮ್ಮ ಮನೆಯಲ್ಲಿ ಯಾರಿಗೂ ಬಿಪಿ ಇಲ್ಲ.) ಅವಳು ಜಾಡಿಯ ಕಡೆ ನೋಡಲೂ ಇಲ್ಲ, ನನ್ನನ್ನೇ ನೋಡಿದಳು.

"ಅಲ್ಲಲೇ, ನಿನ್ನಾಣಿ ಮಾಡಿ ಹೇಳಿದ ಅಕ್ಕನ್ನ ನಂಬಲಿಲ್ಲ, ಬಿಲ್ ಕೊಡದವನ್ನ ಹೆಂಗ ನಂಬಿದಿ?"