ಸಾಸಿವೆಯನ್ನು ತಪ್ಪಿಸಿಕೊಂಡು ಕುಣಿಗಲ್ಲಿಗೆ

ಭಾನುವಾರ ಬೆಳಿಗ್ಗೆ ನಾನೂ ಹೆಂಡತಿ ಸರೋಜಳೂ ಬಟವಾಡಿಯ ಮನೆಯಿಂದ ಆಟೋದಲ್ಲಿ ತುಮಕೂರಿನ ಬಸ್ ನಿಲ್ದಾಣಕ್ಕೆ ಹೋದೆವು. ಅಲ್ಲಿಂದ ಕುಣಿಗಲ್ ಸುಮಾರು ಒಂದು ಗಂಟೆಯ ಹಾದಿ. ಅವಳಿಗೆ ಉಚಿತ ಪ್ರಯಾಣ. ಟಿಕೆಟ್ಟಿನ ದುಡ್ಡು ನನ್ನೊಬ್ಬನದೇ. ಹಿಂದಿನ ವರ್ಷ ಗುಬ್ಬಿಯ ಮದುವೆಯೊಂದರಲ್ಲಿ ಉಪ್ಪಿನಕಾಯಿ ನಂಜಿಕೊಂಡ ಸ್ವಲ್ಪ ಹೊತ್ತಿಗೆ ಅವಳ ಗಂಟಲು ಊದಿಕೊಂಡು ಉಸಿರು ಕಟ್ಟಿತ್ತು. ಸಾಸಿವೆಯ ಅಲರ್ಜಿ ಎಂಬುದು ತಿಳಿದದ್ದು ಆಗ. ಅಂದಿನಿಂದ ಅವಳು ಮನೆಯ ಹೊರಗೆ ಉಂಡಿರಲಿಲ್ಲ. ಕುಣಿಗಲ್ಲಿನಲ್ಲಿರುವ ಒಡಹುಟ್ಟಿದ ಅಕ್ಕನ ಮನೆಗೂ ಹೋಗಿರಲಿಲ್ಲ.

ಹೆಬ್ಬೂರಿನಲ್ಲಿ ಮಂಡಕ್ಕಿ ಮಾರುವವನು ಕಿಟಕಿಯ ಬಳಿಗೆ ಬಂದ. ಸಾಸಿವೆ ಹಾಕಿದೆಯೇ ಎಂದು ಕೇಳಿದೆ.

“ಸಾಸ್ವೆ ಇಲ್ದೆ ಒಗ್ಗರಣೆ ಎಂಗ್ ಹಾಕದು ಸಾರ್? ಆರಿಸ್ಕಂಡು ತಿನ್ನಿ ಬುಡಿ.”

ಸರೋಜ ಗಾಜನ್ನು ಎಳೆದುಕೊಂಡಳು. ಕಾಳನ್ನು ಆರಿಸಿದರೂ ಅದರ ಅಂಶ ಎಣ್ಣೆಯಲ್ಲಿ ಉಳಿಯುತ್ತದೆಂದು ನೆಂಟರಿಗೆಲ್ಲ ಹೇಳಿ ಹೇಳಿ ನಮಗೆ ಸಾಕಾಗಿತ್ತು.

ಅಕ್ಕ ರತ್ನಮ್ಮನವರಿಗೆ ಮಾತ್ರ ಎರಡನೆಯ ಸಲ ಹೇಳಬೇಕಾಗಿರಲಿಲ್ಲ. ತಂಗಿಗೆಂದೇ ಹೊಸ ಬಾಣಲೆ, ಹೊಸ ಸೌಟು ತಂದಿದ್ದರು. ಮುದ್ದೆ, ಜೀರಿಗೆ ಒಗ್ಗರಣೆಯ ಹುರುಳಿಸಾರು. ಸರೋಜ ಇನ್ನೊಂದು ಮುದ್ದೆ ಕೇಳಿ ಹಾಕಿಸಿಕೊಂಡಳು.

ಹೊರಡುವಾಗ ನಾನು ಜಗಲಿಯಲ್ಲಿ ಚಪ್ಪಲಿ ಮೆಟ್ಟುತ್ತಿದ್ದೆ. “ಎಷ್ಟ್ ಸೊರಗಿದೀಯ ಕಣೇ, ಯಾರ್ ಕಣ್ ಬಿತ್ತೋ” ಎಂಬ ರತ್ನಮ್ಮನವರ ದನಿ ಒಳಗಿನಿಂದ ಕೇಳಿಸಿತು. ತಿರುಗುವಷ್ಟರಲ್ಲಿ ಮುಷ್ಟಿಯನ್ನು ತಂಗಿಯ ತಲೆಯ ಸುತ್ತ ನಿವಾಳಿಸಿ, ಕೈಯಲ್ಲಿದ್ದುದನ್ನು ಕೆಂಡದ ಮೇಲೆ ಸುರಿದು, ಅದೇ ಕೈಯಿಂದ ಅವಳ ಮುಖ ಸವರಿ ನೆಟಿಗೆ ಮುರಿದಿದ್ದರು. ಉಪ್ಪು, ಮೆಣಸಿನಕಾಯಿ, ಸಾಸಿವೆ. ಕಾಳು ಸಿಡಿದು ಹೊಗೆ ಎದ್ದಿತು. “ಸಾಸಿವೆ!” ಎಂದು ಕೂಗುತ್ತ ನಾನು ಒಳಗೆ ಓಡಿದೆ.

“ಅಯ್ಯೋ ಮೇಷ್ಟ್ರೆ, ತಿನ್ನಕ್ ಕೊಡ್ಲಿಲ್ವಲ್ಲ ನಾನು” ಎಂದರು ರತ್ನಮ್ಮ.

ಆಗಲೇ ಸರೋಜಳ ತುಟಿ ಊದುತ್ತಿತ್ತು. ಎದೆ ಸೀಟಿ ಊದಿದಂತೆ ಸದ್ದು ಮಾಡುತ್ತಿತ್ತು. ಚೀಲದಲ್ಲಿ ಸದಾ ಇರುವ ಚುಚ್ಚುಮದ್ದನ್ನು ತೊಡೆಗೆ ಕೊಟ್ಟೆ. ಆಟೋದಲ್ಲಿ ಆಸ್ಪತ್ರೆ ಸೇರಿದಾಗ ಅವಳಿಗೆ ಮಾತು ಹೊರಡುತ್ತಿರಲಿಲ್ಲ. ಆಮ್ಲಜನಕ ಕೊಟ್ಟು, ರಾತ್ರಿ ಅಲ್ಲಿಯೇ ಉಳಿಸಿಕೊಂಡರು.

“ತಿನ್ನೋದೊಂದೇ ಅಲ್ಲ, ಹೊಗೆ, ಕೈ ಸೋಕೋದು, ಯಾವುದೂ ಬೇಡ. ಮುಂದಿನ ಸಲ ಉಳೀತಾರೆ ಅಂತ ನಾನು ಹೇಳಲಾರೆ” ಎಂದರು ವೈದ್ಯರು. ರತ್ನಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು.

ಮರುದಿನ ಅವರು ಬಸ್ ನಿಲ್ದಾಣಕ್ಕೂ ಬಂದರು; ಆದರೆ ದೂರದಲ್ಲಿಯೇ ನಿಂತರು. ಸರೋಜ ಕಿಟಕಿಯಿಂದ ಕೈ ಚಾಚಿದಳು.

“ಬಾ ಅಕ್ಕ, ಹತ್ರ ಬಾ.”

“ಬ್ಯಾಡ ಕಣೇ. ಸೋಪ್ ಹಾಕಿ ತೊಳ್ದಿದೀನಿ, ಆದ್ರೂ ಬ್ಯಾಡ.”

ಬಸ್ಸು ಹೊರಟಿತು. ತಿರುಗಿ ನೋಡಿದೆ. ರತ್ನಮ್ಮ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದರು. ಸರೋಜಳ ಕೈ ಇನ್ನೂ ಕಿಟಕಿಯ ಹೊರಗೇ ಇತ್ತು.

“ಕೈ ಒಳಿಕ್ ತಗಳಮ್ಮ” ಎಂದ ಕಂಡಕ್ಟರ್.