ಬಾಗಿಲಿಗೆ ಹಾಕಿದ ನೀರು

ನನ್ನ ತಮ್ಮ ಮಹದೇವುವಿನ ಗಾಡಿಗೆ ಕ್ಲಚ್ ಇಲ್ಲ. ಇದನ್ನು ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ಅವನ ಎಡಗಾಲು ನೋಡಿ ಸುಮ್ಮನಾಗುತ್ತಾರೆ. ನನಗೆ ಆ ನಗುವೂ ಆಗದು, ಆ ಮೌನವೂ ಆಗದು. ಅಂಗನವಾಡಿಯಲ್ಲಿ ಮಕ್ಕಳನ್ನು ಗದರಿಸಿ ಗದರಿಸಿ ನನ್ನ ಬಾಯಿ ಸ್ವಲ್ಪ ಜೋರಾಗಿದೆ. "ಅನುಮಾನ ಇದ್ರೆ ಅತ್ತಿ ಕೂತ್ಕೊಳಿ, ಮದ್ದೂರಿಗಂಟ ಓಗ್ಬನ್ನಿ" ಎಂದುಬಿಡುತ್ತೇನೆ.

ನಮ್ಮೂರು ಕೊಕ್ಕರೆ ಬೆಳ್ಳೂರಿನ ಮಗ್ಗುಲಿಗೇ ಇದೆ. ಮಹದೇವು ಹಿಂದೆ ಕಬ್ಬಿನ ಲಾರಿ ಡ್ರೈವರ್. ಮಳವಳ್ಳಿ ರಸ್ತೆಯಲ್ಲಿ ಲಾರಿ ಮಗುಚಿ ಅವನ ಎಡಗಾಲಿನ ಮಂಡಿ ಮುರಿಯಿತು. ಮೂಳೆ ಕೂಡಿತು, ಮಂಡಿ ಮಾತ್ರ ಮಡಚಲಿಲ್ಲ. ಕ್ಲಚ್ ತುಳಿಯಲಾಗದ ಡ್ರೈವರ್‌ಗೆ ಯಾರು ಗಾಡಿ ಕೊಡುತ್ತಾರೆ? ವರ್ಷಗಟ್ಟಲೆ ನಮ್ಮ ಜಗಲಿಯ ಕಂಬದ ಮೂಲೆಯಲ್ಲಿ ಕಾಲು ಚಾಚಿಕೊಂಡು ಕೂತ. ಬೀದಿಯಲ್ಲಿ ಹೋಗುವ ಗಾಡಿಯ ಸದ್ದು ಕೇಳಿಯೇ ಇದು ಇಂಥವರದು ಎನ್ನುತ್ತಿದ್ದ. ಅಷ್ಟು ಬಿಟ್ಟರೆ ದಿನವಿಡೀ ಮಾತಿಲ್ಲ.

ಆಮೇಲೆ ಗೇರನ್ನು ತಾನೇ ಬದಲಿಸಿಕೊಳ್ಳುವ ಹಳೆಯ ಪಿಕಪ್ ಒಂದು ಎಲ್ಲೋ ಇದೆಯೆಂದು ಪತ್ತೆ ಹಚ್ಚಿ, ಹಟ ಹಿಡಿದು ತಂದ. ಅದನ್ನು ಓಡಿಸಲು ಬಲಗಾಲೊಂದಿದ್ದರೆ ಸಾಕು. ಅಂದಿನಿಂದ ಅವನ ಗೆಳೆಯ ಶಿವರಾಜುವಿನ ತೋಟದ ಎಳನೀರು ಮದ್ದೂರಿನ ಮಾರುಕಟ್ಟೆಗೆ ಹೋಗುವುದು ನನ್ನ ತಮ್ಮನ ಗಾಡಿಯಲ್ಲೇ.

ಹೋದ ಬೇಸಿಗೆಯಲ್ಲಿ ಆ ಗಾಡಿ ಮುಗ್ಗರಿಸತೊಡಗಿತು. ಗೇರು ಬೀಳುವಾಗಲೆಲ್ಲ ಯಾರೋ ಹಿಂದಿನಿಂದ ಒದ್ದ ಹಾಗೆ ಜಗ್ಗುತ್ತಿತ್ತು. ಹತ್ತಿರದ ಮೆಕ್ಯಾನಿಕ್ ಕೈಮುಗಿದ: "ಇದೆಲ್ಲ ನಮ್ ಕೈಲಾಗಕ್ಕಿಲ್ಲ ಕಣಣ್ಣ." ದೊಡ್ಡ ಗ್ಯಾರೇಜಿನವರು ಗೇರ್‌ಬಾಕ್ಸನ್ನೇ ಹೊಸದು ಹಾಕಿಸಿ ಎಂದರು. ಹಾಗೆ ಮಾಡಿಸುವುದಕ್ಕಿಂತ ಗಾಡಿ ಮಾರುವುದೇ ಮೇಲು. ಮಾರಿದರೆ ಅವನು ಮತ್ತೆ ಎಲ್ಲಿ ಕೂರುತ್ತಾನೆ ಎಂಬುದು ಮನೆಯವರಿಗೆಲ್ಲ ಗೊತ್ತಿತ್ತು. ಅವನ ಹೆಂಡತಿ ಶೋಭಿತಾ ಕಂಬದ ಆ ಮೂಲೆಯನ್ನು ಗುಡಿಸುವುದನ್ನೇ ಬಿಟ್ಟಳು, ನೋಡಲಾರದೆ.

"ಗೇರ್‌ಬಾಕ್ಸ್ ಒಳಗಿನ ಎಣ್ಣೆ ಕೆಟ್ಟದೆ ಕಣಕ್ಕ. ಗಾಡಿ ಉಟ್ಟಿದಾಗ್ನಿಂದ ಯಾರೂ ಬದ್ಲಾಯ್ಸಿಲ್ಲ. ನಾನೇ ಬದ್ಲಾಯ್ಸ್ತೀನಿ," ಎಂದ ಮಹದೇವು.

ಫೋನಿನಲ್ಲಿ ನೋಡಿ ನೋಡಿ ಬಾಯಿಪಾಠ ಮಾಡಿದ್ದ. ಶನಿವಾರ ಗಾಡಿಯನ್ನು ಮನೆಯ ಅಂಗಳದಲ್ಲಿ, ಮೂತಿ ಬೀದಿಯ ಕಡೆಗಿಟ್ಟು ನಿಲ್ಲಿಸಿದ. ಚಕ್ರಗಳಿಗೆ ಕಲ್ಲು ಕೊಟ್ಟ. ಗೊಬ್ಬರದ ಚೀಲ ಹಾಸಿ, ಮಡಚದ ಕಾಲನ್ನು ನೇರ ಚಾಚಿ, ಕೈಯೂರಿಕೊಂಡು ಅಡಿಗೆ ಜಾರಿದ. ಮೊದಲು ಎಣ್ಣೆ ತುಂಬುವ ಬಾಯಿಯ ತಿರುಪು ಬಿಚ್ಚಿ ನೋಡಿದ. ಅದು ಬಿಚ್ಚದೇ ಹೋದರೆ, ಇದ್ದ ಎಣ್ಣೆಯನ್ನೂ ಸುರಿದುಕೊಂಡು ಗಾಡಿ ಅಂಗಳದಲ್ಲೇ ಕೂರಬೇಕಲ್ಲ! ಆಮೇಲೆ ತಳದ ತಿರುಪು ತೆಗೆದ. ಬಂದದ್ದು ಕಾಸಿ ಕಾಸಿ ಕರಿದ ಎಣ್ಣೆಯಂಥ ಕಪ್ಪು ರಸ. ಹೊಸದು ಕೆಂಪಗಿತ್ತು.

ಈ ಗಾಡಿಯಲ್ಲಿ ಎಣ್ಣೆಯ ಮಟ್ಟ ನೋಡಲು ಕಡ್ಡಿಯಿಲ್ಲ. ಗಾಡಿ ಮಟ್ಟವಾದ ಜಾಗದಲ್ಲಿ ನಿಂತಿರಬೇಕು, ಇಂಜಿನ್ ಓಡುತ್ತಿರಬೇಕು, ಎಣ್ಣೆ ಬೆಚ್ಚಗಾಗಿರಬೇಕು. ಆಗ ಪಕ್ಕದ ತೂತಿನಿಂದ ಎಣ್ಣೆ ಉಕ್ಕಿ, ನೂಲಿನಷ್ಟು ಸಣ್ಣಗಾದಾಗ ಮುಚ್ಚಬೇಕು. ಅವನು ಹಾಗೇ ಮಾಡಿದ. ನಮ್ಮ ಅಂಗಳಕ್ಕಿಂತ ಮಟ್ಟವಾದ ಜಾಗ ಇನ್ನಾವುದಿದೆ? ಸಿಮೆಂಟು ಹಾಕಿ ನುಣ್ಣಗೆ ಮಾಡಿಸಿದ್ದು.

ಅದೇ ಸಂಜೆ ಎಳನೀರು ತುಂಬಿಕೊಂಡು ಕೆರೆ ಏರಿ ಹತ್ತಿಸಹೋದ. ಅರ್ಧ ಹತ್ತಿದ ಗಾಡಿ ಸುಮ್ಮನೆ ಕಿರುಚಿಕೊಂಡಿತು, ಮೇಲೆ ಹೋಗಲಿಲ್ಲ. ಹಿಂದಕ್ಕೆ ಜಾರದಂತೆ ಚಕ್ರಕ್ಕೆ ಕಲ್ಲು ಕೊಟ್ಟು, ಎಳನೀರನ್ನೆಲ್ಲ ಟ್ರ್ಯಾಕ್ಟರಿಗೆ ಎತ್ತಿಹಾಕಬೇಕಾಯಿತು. ಶಿವರಾಜು ಮೆತ್ತಗೆ ಕೇಳಿದ: "ಮುಂದ್ಲ ಲೋಡ್‌ಗೆ ಬ್ಯಾರೆ ಗಾಡಿ ಏಳ್ಬುಡ್ಲೇನ್ಲಾ? ಬೇಜಾರ್ ಮಾಡ್ಕಬ್ಯಾಡ."

"ನಾಳೆ ಸಂಜೆಗಂಟ ತಡ್ಕಳ್ಲಾ," ಎಂದ ಮಹದೇವು. ಮನೆಗೆ ಬಂದವನು ಮುದ್ದೆ ಮುಟ್ಟಲಿಲ್ಲ.

ಭಾನುವಾರ ಬೆಳಗ್ಗೆ ನಾನು ಎಂದಿನಂತೆ ಬಾಗಿಲಿಗೆ ನೀರು ಹಾಕಲು ಬಂದೆ. ಇವನು ಆಗಲೇ ಗಾಡಿಯ ಅಡಿ ಸೇರಿದ್ದ. ನನಗೆ ಆ ಗಾಡಿಯ ಮೇಲೂ ಸಿಟ್ಟು, ಉಪವಾಸ ಬಿದ್ದ ಇವನ ಮೇಲೂ ಸಿಟ್ಟು. ಚಿಮುಕಿಸುವ ಬದಲು ಬಿಂದಿಗೆಯನ್ನೇ ಬಗ್ಗಿಸಿದೆ.

"ಅಯ್ಯೋ ಅಕ್ಕಾ, ಬೆನ್ನೆಲ್ಲ ನೆನ್ದೋಯ್ತು!"

"ನೆನೀಲಿ ಬುಡು. ಗಾಡಿ ಕೆಳ್ಗೇ ಸಂಸಾರ ಮಾಡು ಅಂತ ಯಾರೇಳುದ್ರು ನಿಂಗೆ?"

ಕೋಪ ಬಂತೇನೋ ಎಂದುಕೊಂಡೆ. ಇವನು ಅಡಿಯಿಂದಲೇ ಕೂಗಿದ: "ಅಕ್ಕ, ಇನ್ನೊಂದ್ ಬಿಂದ್ಗೆ ಉಯ್ಯಿ."

ಹುಯ್ದೆ. ನೀರು ಹೊಸ್ತಿಲಿನಿಂದ ಹೊರಟು, ಅವನ ಬೆನ್ನಡಿ ನುಗ್ಗಿ, ಗಾಡಿಯ ಮೂತಿಯ ಕಡೆ ಹರಿದು ಬೀದಿಯ ಚರಂಡಿ ಸೇರಿತು. ಸೇರದೆ ಇನ್ನೇನು? ಬಾಗಿಲಿಗೆ ಹಾಕಿದ ನೀರು ಹರಿದು ಹೋಗಲೆಂದೇ ನಮ್ಮ ಕಡೆ ಅಂಗಳವನ್ನು ಬೀದಿಗೆ ಇಳಿಜಾರು ಮಾಡುತ್ತಾರೆ. ಹುಟ್ಟಿದಾಗಿನಿಂದ ಅದರ ಮೇಲೇ ಓಡಾಡಿ ನಮಗೆ ಅದು ಮಟ್ಟವಾಗಿಯೇ ಕಾಣುತ್ತದೆ. ಉಕ್ಕುವ ತೂತು ತಗ್ಗಿನ ಕಡೆಗಿತ್ತು. ಎಣ್ಣೆಯೆಲ್ಲ ಅತ್ತಲೇ ವಾಲಿ, ಗೇರ್‌ಬಾಕ್ಸಿನ ಹೊಟ್ಟೆ ತುಂಬುವ ಮೊದಲೇ ಉಕ್ಕಿಬಿಟ್ಟಿತ್ತು.

ಮಹದೇವು ಹೊರಗೆ ಜಾರಿ ಬಂದ. ಬೆನ್ನಿನಿಂದ ನೀರು ಸೋರುತ್ತಿತ್ತು, ಮುಖ ಮಾತ್ರ ಅರಳಿತ್ತು. "ನೀರು ಎತ್ತಗೂ ಓಗ್ದೇ ಇರೋ ಜಾಗ ಬೇಕು ಕಣಕ್ಕ."

ನಾನು ಗಹಗಹಿಸಿ ನಕ್ಕೆ. ಅಂಥ ಜಾಗ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಂಗನವಾಡಿಯ ಮುಂದಿನ ಕಾಂಕ್ರೀಟು! ಮಳೆ ಬಂದರೆ ಅಲ್ಲಿ ನೀರು ಅಲ್ಲಾಡುವುದಿಲ್ಲ, ಮಕ್ಕಳು ಅದರಲ್ಲೇ ಕುಣಿಯುತ್ತವೆ. ಅದನ್ನು ಹಾಕಿದವನ ಜನ್ಮ ಜಾಲಾಡಿದ್ದೆ ನಾನು. ರಜೆಯ ದಿನವಾದ್ದರಿಂದ ಬೀಗ ತೆಗೆದು ಗೇಟು ಬಿಟ್ಟೆ. ನಟ್ಟನಡುವೆ ಬಿಂದಿಗೆ ನೀರು ಸುರಿದೆವು. ಯಾವ ಕಡೆಗೂ ಓಡದೆ ದೋಸೆ ಹಿಟ್ಟಿನಂತೆ ಸುತ್ತ ಹರಡಿತು.

ಗಾಡಿ ಅಲ್ಲಿಗೆ ಬಂತು. ನನ್ನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ಬ್ರೇಕ್ ತುಳಿದೇ ಇರಬೇಕೆಂದು ಹೇಳಿ, ತಾನು ಕಿಟಕಿಯ ಬಳಿ ನಿಂತು ಎಣ್ಣೆ ಒಳಗೆಲ್ಲ ಹರಿಯಲೆಂದು ಗೇರನ್ನು ನನ್ನ ಕೈಯಿಂದಲೇ ಒಂದೊಂದೇ ಮನೆ ದಾಟಿಸಿದ. ಕೊನೆಗೆ ಪಾರ್ಕಿಂಗಿಗೆ ತಳ್ಳಿಸಿ, ಕೈಬ್ರೇಕು ಎಳೆಸಿ, ಕಲ್ಲು ಕೊಟ್ಟು ಅಡಿಗೆ ಹೋದ. ಎಣ್ಣೆ ತುಂಬುವ ಕೈಪಂಪು ಒತ್ತುವ ಸದ್ದು ನಿಲ್ಲಲೇ ಇಲ್ಲ.

"ಇನ್ನೂ ಕುಡೀತಾ ಅದೆ ಕಣಕ್ಕ! ಪಾಪ, ಅಸ್ಕೊಂಡಿತ್ತು," ಎಂದ. ಆಮೇಲೆ ಎಣ್ಣೆ ಉಕ್ಕಿತು, ನೂಲಾಯಿತು, ಮುಚ್ಚಿದ.

ಸಂಜೆ ಎಳನೀರು ತುಂಬಿಕೊಂಡು ಏರಿಗೆ ಹೊರಟಾಗ ಪಕ್ಕದಲ್ಲಿ ನಾನಿದ್ದೆ. ನಿನ್ನೆ ನಿಂತ ಜಾಗದಲ್ಲಿ ಇವನು ಬೇಕೆಂದೇ ಬ್ರೇಕ್ ಹಾಕಿದ. ಮತ್ತೆ ಆಕ್ಸಿಲರೇಟರ್ ತುಳಿದ. ಗಾಡಿ ಜಗ್ಗಲಿಲ್ಲ, ಕಿರುಚಲಿಲ್ಲ. ಸರಾಗವಾಗಿ ಮೇಲೆ ಹತ್ತಿತು. ಏರಿಯ ಮೇಲೆ ಕಾಯುತ್ತಿದ್ದ ಶಿವರಾಜು, "ಯಾರ್ಲಾ ರಿಪೇರಿ ಮಾಡ್ದೋರು?" ಎಂದು ಕೇಳಿದ.

"ನಾವೇ ಕಣ್ಲಾ. ಅಕ್ಕ ನೀರ್ ಸುರುದ್ಲು, ನಾನ್ ಎಣ್ಣೆ ಸುರುದೆ."

ನನಗೆ ಹೆಮ್ಮೆ ತಡೆಯಲಾಗಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡೆ, ಧೂಳು ಬಿತ್ತು ಅಂತಲೂ ಹೇಳಲಿಲ್ಲ.

ಉಳಿದ ಎಣ್ಣೆಯ ಡಬ್ಬ ಈಗ ಜಗಲಿಯ ಕಂಬದ ಮೂಲೆಯಲ್ಲಿದೆ. ಮೊನ್ನೆ ಗುಡಿಸುವಾಗ ಶೋಭಿತಾ ಅದನ್ನು ಒಳಗೆ ತೆಗೆದಿಡಲು ಹೋದಳು.

"ಅಲ್ಲೇ ಇರ್ಲಿ ಬುಡು," ಎಂದ ಮಹದೇವು. "ಆ ಜಾಗ ಖಾಲಿ ಬುಡಬ್ಯಾಡ."